ಡೈರಿಯ ಮೊದಲ ಪುಟ ಒಂದು ಹೇಳುತ್ತದೆ, ಅಂಕಪಟ್ಟಿ ಇನ್ನೊಂದು ಹೇಳುತ್ತದೆ: ಕ್ರೈಸ್ತ ಶಾಲೆಯೊಂದರ ಮೌಲ್ಯಮಾಪನ ನೀತಿಯ ಬಗ್ಗೆ

ಪ್ರಶ್ನೆ: ಬಾಣಸವಾಡಿಯ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಬೆಂಗಳೂರಿನ ಪೂರ್ವ ಭಾಗದಲ್ಲಿರುವ, ಕ್ರೈಸ್ತ ಆಡಳಿತದ ಒಂದು ಐಸಿಎಸ್‌ಇ ಶಾಲೆಯಲ್ಲಿ ಆರನೇ ತರಗತಿ ಓದುತ್ತಿದ್ದಾಳೆ. ಶಾಲೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ದೂರು ಹೇಳಿಕೊಳ್ಳಲು ಬಂದಿಲ್ಲ, ಒಂದು ಗೊಂದಲ ಬಗೆಹರಿದರೆ ಸಾಕು.

ನಾವು ಕ್ರೈಸ್ತರಲ್ಲ. ಆದರೂ ಆ ಶಾಲೆಯನ್ನೇ ಹುಡುಕಿಕೊಂಡು ಹೋದದ್ದಕ್ಕೆ ಕಾರಣವಿದೆ. ನಾನೂ ಹಾಸನದಲ್ಲಿ ಸಿಸ್ಟರ್‌ಗಳ ಕೈಕೆಳಗೆ ಓದಿದವಳು. ಅವರ ಗದರಿಕೆಯನ್ನೂ ಅಕ್ಕರೆಯನ್ನೂ ಸಮವಾಗಿ ಉಂಡವಳು. ಪ್ರವೇಶ ಸಿಕ್ಕ ದಿನ ಕೊಟ್ಟ ಶಾಲಾ ಡೈರಿಯ ಮೊದಲ ಪುಟವನ್ನು ಓದಿದಾಗ ನಮ್ಮ ಆಯ್ಕೆ ಸರಿಯಾಯಿತು ಎಂದೇ ಅನ್ನಿಸಿತ್ತು. ಪ್ರತಿಯೊಂದು ಮಗುವೂ ದೇವರ ಪ್ರತಿರೂಪದಲ್ಲಿ ಸೃಷ್ಟಿಯಾದದ್ದೆಂದು ಈ ಶಾಲೆ ನಂಬುತ್ತದೆ, ಆದ್ದರಿಂದ ಯಾವ ಮಗುವನ್ನೂ ಇನ್ನೊಂದು ಮಗುವಿನೊಂದಿಗೆ ಹೋಲಿಸುವುದಿಲ್ಲ, ಕಲಿಕೆಯೆಂದರೆ ಬುದ್ಧಿ, ಹೃದಯ ಮತ್ತು ಆತ್ಮ ಮೂರೂ ಒಟ್ಟಿಗೆ ಬೆಳೆಯುವುದು ಎಂಬರ್ಥದ ಮಾತುಗಳು ಅಲ್ಲಿದ್ದವು.

ಅದೇ ಡೈರಿಯ ಹದಿನಾಲ್ಕನೆಯ ಪುಟದಲ್ಲಿ ಮೌಲ್ಯಮಾಪನದ ನಿಯಮಗಳಿವೆ. ಪ್ರತಿ ವಿಷಯಕ್ಕೆ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಪ್ರಾಜೆಕ್ಟ್, ನೋಟ್‌ಬುಕ್ ಮುಂತಾದ ಆಂತರಿಕ ಕೆಲಸಕ್ಕೆ. ಗಡುವು ಮೀರಿ ಕೊಟ್ಟ ಪ್ರಾಜೆಕ್ಟಿಗೆ ಸೊನ್ನೆ. ಮಾರಲ್ ಸೈನ್ಸ್ ಎಂಬ ನೀತಿ ಪಾಠಕ್ಕೆ 50 ಅಂಕಗಳ ಪ್ರಶ್ನೆಪತ್ರಿಕೆಯಿದ್ದು, ಅದೂ ಒಟ್ಟು ಅಂಕಕ್ಕೆ ಸೇರುತ್ತದೆ. ಶಾಲೆಯಲ್ಲಿ ರ‍್ಯಾಂಕ್ ಇಲ್ಲ. ಆದರೆ ಅಂಕಪಟ್ಟಿಯಲ್ಲಿ ಮಗುವಿನ ಅಂಕದ ಪಕ್ಕದಲ್ಲೇ ತರಗತಿಯ ಗರಿಷ್ಠ ಅಂಕ ಮತ್ತು ತರಗತಿಯ ಸರಾಸರಿ ಎಂಬ ಎರಡು ಅಂಕಣಗಳಿವೆ. ಹೋಲಿಸುವುದಿಲ್ಲ ಎಂದವರು ಈ ಎರಡು ಅಂಕಣಗಳನ್ನು ಏಕೆ ಇಟ್ಟುಕೊಂಡಿದ್ದಾರೆ?

ಈ ಬಾರಿಯ ಅರ್ಧವಾರ್ಷಿಕದಲ್ಲಿ ಎರಡು ಸಂಗತಿಗಳು ನಡೆದವು. ಆಗಸ್ಟಿನಲ್ಲಿ ನಮ್ಮ ಅತ್ತೆ ತೀರಿಕೊಂಡರು. ನಾವು ಊರಿಗೆ ಹೋಗಿ ಐದು ದಿನ ಇದ್ದು ಬಂದೆವು. ಅಷ್ಟರಲ್ಲಿ ವಿಜ್ಞಾನದ ಪ್ರಾಜೆಕ್ಟಿನ ಗಡುವು ಮುಗಿದಿತ್ತು. ರಜೆಯ ಪತ್ರವನ್ನು ಮೊದಲೇ ಕೊಟ್ಟಿರಲಿಲ್ಲವಾದ್ದರಿಂದ ಸೊನ್ನೆ ಬಿತ್ತು. ಸಾವು ಮೊದಲೇ ತಿಳಿಸಿ ಬರುವುದಿಲ್ಲ, ಆ ಮಾತು ಬೇರೆ.

ಎರಡನೆಯದು ನೀತಿ ಪಾಠದ ಉತ್ತರಪತ್ರಿಕೆ. ತಪ್ಪು ಮಾಡಿದಾಗ ತಂದೆತಾಯಿಯರ ಬಳಿ ನೀನು ಹೇಗೆ ನಡೆದುಕೊಳ್ಳುವೆ ಎಂಬ ಪ್ರಶ್ನೆಗೆ ಮಗಳು ಇಂಗ್ಲಿಷಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಹೀಗಿದೆ: ‘ಮೊದಲು ನನಗೆ ಭಯವಾಗುತ್ತದೆ. ಆದ್ದರಿಂದ ನಾನು ಮಾಡಿಲ್ಲ ಎನ್ನುತ್ತೇನೆ. ಆಮೇಲೆ ಊಟ ಸೇರುವುದಿಲ್ಲ. ರಾತ್ರಿ ದೀಪ ಆರಿಸಿದ ಮೇಲೆ ಅಮ್ಮನಿಗೆ ಹೇಳಿಬಿಡುತ್ತೇನೆ.’ ಇದಕ್ಕೆ 4ರಲ್ಲಿ 1 ಅಂಕ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಪುಟ ಸಂಖ್ಯೆಯಷ್ಟೇ ಇದೆ. ತೆಗೆದು ನೋಡಿದರೆ, ಒಳ್ಳೆಯ ಮಕ್ಕಳು ಸದಾ ಸತ್ಯವನ್ನೇ ನುಡಿಯುತ್ತಾರೆ ಎಂಬ ಪಾಠ. ನಮ್ಮ ಮನೆಯಲ್ಲಿ ನಡೆಯುವುದು ಮಗಳು ಬರೆದಂತೆಯೇ ಎಂಬುದಕ್ಕೆ ನಾನೇ ಸಾಕ್ಷಿ.

ನನ್ನ ಪ್ರಶ್ನೆ ಇಷ್ಟೇ. ಶಾಲೆಯೊಂದು ತನ್ನ ಶೈಕ್ಷಣಿಕ ತತ್ತ್ವವನ್ನು ಧರ್ಮದ ಆಧಾರದ ಮೇಲೆ ಹೇಳಿಕೊಂಡಾಗ, ಅಂಕ ಕೊಡುವ ಪದ್ಧತಿಯೂ ಅದೇ ತತ್ತ್ವದಿಂದ ಹುಟ್ಟಬೇಕೆಂದು ನಿರೀಕ್ಷಿಸುವುದು ತಪ್ಪೇ? ಅಥವಾ ಮೊದಲ ಪುಟ ಪ್ರಾರ್ಥನೆಗೆ, ಹದಿನಾಲ್ಕನೆಯ ಪುಟ ಪರೀಕ್ಷೆಗೆ ಎಂದುಕೊಂಡು ಸುಮ್ಮನಿರಬೇಕೇ? ಮುಂದಿನ ಶನಿವಾರ ಪೋಷಕರ ಸಭೆಯಿದೆ. ಅಲ್ಲಿ ಏನು ಕೇಳಿದರೆ ಪ್ರಯೋಜನವಾದೀತು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ನಿವೃತ್ತ ಶಿಕ್ಷಕಿ, ಕುಕ್ ಟೌನ್

ಮೇಡಂ, ನಾನು ಕಥೊಲಿಕ ಹೆಣ್ಣುಮಕ್ಕಳ ಶಾಲೆಯಲ್ಲಿ 31 ವರ್ಷ ಪಾಠ ಮಾಡಿದವಳು. ಅದರಲ್ಲಿ ಹದಿನೈದು ವರ್ಷ ನೀತಿ ಪಾಠದ ಉತ್ತರಪತ್ರಿಕೆಗಳನ್ನೂ ತಿದ್ದಿದ್ದೇನೆ. ನಿಮ್ಮ ಮಗಳ ಉತ್ತರದಂಥ ಉತ್ತರಗಳಿಗೆ 1 ಅಂಕ ಕೊಟ್ಟ ಕೈಗಳಲ್ಲಿ ನನ್ನದೂ ಒಂದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕ್ರೈಸ್ತ ಶಿಕ್ಷಣ ತತ್ತ್ವ ಎಂಬುದು ಒಂದೇ ಒಂದು ಎಂದು ಭಾವಿಸಬೇಡಿ. ಕಥೊಲಿಕ ಸಭೆಯ ಜೆಸ್ಯೂಟ್ ಎಂಬ ಸಂಘದ ಪಾದ್ರಿಗಳು 1599ರಲ್ಲಿ ತಮ್ಮ ಶಾಲೆಗಳಿಗೆಲ್ಲ ಅನ್ವಯಿಸುವ ಪಠ್ಯಕ್ರಮದ ನಿಯಮಾವಳಿಯನ್ನು ಹೊರಡಿಸಿದರು; ರಾಶಿಯೊ ಸ್ಟುಡಿಯೋರಮ್ ಎಂದು ಅದರ ಹೆಸರು. ಅದರಲ್ಲಿ ಸ್ಪರ್ಧೆಗೆ ದೊಡ್ಡ ಸ್ಥಾನವಿತ್ತು. ಆ ಶಾಲೆಗಳಲ್ಲಿ ಒಂದೇ ತರಗತಿಯ ಹುಡುಗರನ್ನು ರೋಮಿನವರು, ಕಾರ್ಥೇಜಿನವರು ಎಂದು ಎರಡು ಪಾಳಯ ಮಾಡಿ, ಲ್ಯಾಟಿನ್ ವ್ಯಾಕರಣದಲ್ಲಿ ಒಬ್ಬರ ತಪ್ಪನ್ನು ಇನ್ನೊಬ್ಬರು ಹಿಡಿಯುವಂತೆ ಮಾಡುತ್ತಿದ್ದರು. ಇಂದು ನಮ್ಮ ಶಾಲೆಗಳಲ್ಲಿ ಕೆಂಪು, ನೀಲಿ, ಹಸಿರು, ಹಳದಿ ಹೌಸ್‌ಗಳೆಂದು ಮಕ್ಕಳನ್ನು ಹಂಚುವಾಗ ನನಗೆ ಅದೇ ನೆನಪಾಗುತ್ತಿತ್ತು. ಇತ್ತ ಹತ್ತೊಂಬತ್ತನೆಯ ಶತಮಾನದಲ್ಲಿ ಇಟಲಿಯ ಡಾನ್ ಬಾಸ್ಕೊ ಬೀದಿಯ ಹುಡುಗರಿಗೆ ಪಾಠ ಹೇಳುತ್ತ, ಶಿಕ್ಷೆ ಕೊಡುವುದಕ್ಕಿಂತ ತಪ್ಪು ನಡೆಯದಂತೆ ಜೊತೆಗಿದ್ದು ನೋಡಿಕೊಳ್ಳುವುದು ಮೇಲು ಎಂಬ ಪದ್ಧತಿಯನ್ನು ಕಟ್ಟಿದರು. ಎರಡೂ ಕ್ರೈಸ್ತ ಪರಂಪರೆಗಳೇ. ಹೀಗಿರುವಾಗ ಹೋಲಿಕೆ ಇದ್ದ ಮಾತ್ರಕ್ಕೆ ಶಾಲೆ ತನ್ನ ಧರ್ಮಕ್ಕೆ ಎರವಾಯಿತು ಎನ್ನಲಾಗದು. ಆದರೆ ನಿಮ್ಮ ಶಾಲೆ ಹೋಲಿಸುವುದಿಲ್ಲ ಎಂದು ತಾನೇ ಬರೆದುಕೊಂಡಿದೆಯಲ್ಲ, ಆ ಮಾತಿಗೆ ಅದು ಉತ್ತರ ಕೊಡಲೇಬೇಕು.

ಅಂಕದ ವಿಷಯದಲ್ಲಿ ನನಗೆ ದಾರಿ ತೋರಿಸಿದ್ದು ಬೈಬಲಿನ ಮತ್ತಾಯನ ಸುವಾರ್ತೆಯ ಇಪ್ಪತ್ತೈದನೆಯ ಅಧ್ಯಾಯದ ತಲಾಂತುಗಳ ಸಾಮತಿ, ಅಂದರೆ ಯೇಸು ಹೇಳಿದ ದೃಷ್ಟಾಂತದ ಕಥೆ. ತಲಾಂತು ಎಂದರೆ ಆ ಕಾಲದ ಹಣದ ಒಂದು ದೊಡ್ಡ ಮೊತ್ತ. ಯಜಮಾನ ಪರದೇಶಕ್ಕೆ ಹೊರಡುವಾಗ ಒಬ್ಬ ಆಳಿಗೆ ಐದು ತಲಾಂತು, ಇನ್ನೊಬ್ಬನಿಗೆ ಎರಡು, ಮತ್ತೊಬ್ಬನಿಗೆ ಒಂದು ಕೊಟ್ಟು ಹೋಗುತ್ತಾನೆ. ಐದು ಪಡೆದವನು ಇನ್ನೂ ಐದನ್ನು ದುಡಿಯುತ್ತಾನೆ, ಎರಡು ಪಡೆದವನು ಇನ್ನೂ ಎರಡನ್ನು. ಯಜಮಾನ ಹಿಂದಿರುಗಿ ಬಂದು ಇಬ್ಬರಿಗೂ ಹೇಳುವ ಮೆಚ್ಚುಗೆಯ ಮಾತು ಅಕ್ಷರ ಅಕ್ಷರವೂ ಒಂದೇ. ಹತ್ತು ತಂದವನಿಗೆ ಎ ಪ್ಲಸ್, ನಾಲ್ಕು ತಂದವನಿಗೆ ಸಿ ಎಂದು ಅವನು ಬರೆಯಲಿಲ್ಲ. ಆದರೆ ಹತ್ತನ್ನು ಹತ್ತೆಂದೇ ಎಣಿಸಿದ, ನಾಲ್ಕನ್ನು ನಾಲ್ಕೆಂದೇ ಎಣಿಸಿದ. ಲೆಕ್ಕದಲ್ಲಿ ಮೋಸ ಮಾಡಲಿಲ್ಲ. ನನ್ನ ಮಟ್ಟಿಗೆ ಕ್ರೈಸ್ತ ಶಾಲೆಯ ಮೌಲ್ಯಮಾಪನವೆಂದರೆ ಇದೇ. ಎಷ್ಟು ಬಂದಿದೆ ಎಂಬುದನ್ನು ನಿಷ್ಠುರವಾಗಿ ಎಣಿಸಬೇಕು, ಎಷ್ಟು ಶ್ರಮಪಟ್ಟಿದ್ದಾರೆ ಎಂಬುದನ್ನು ಬೇರೆಯಾಗಿ ಮೆಚ್ಚಬೇಕು, ಒಂದರ ಲೆಕ್ಕವನ್ನು ಇನ್ನೊಂದರೊಳಗೆ ಕಲಸಬಾರದು. (ಅದೇ ಸಾಮತಿಯ ಕೊನೆ ಬಹಳ ಕಠೋರವಾದದ್ದು, ಒಂದೇ ತಲಾಂತು ಇದ್ದವನಿಂದ ಅದನ್ನೂ ಕಿತ್ತುಕೊಳ್ಳುತ್ತಾರೆ. ಆ ಭಾಗವನ್ನು ಅಸೆಂಬ್ಲಿಯಲ್ಲಿ ಓದುವಾಗ ನಾನು ಪ್ರತಿ ಸಲವೂ ಕೊನೆಯ ಬೆಂಚಿನವರ ಮುಖ ನೋಡದೆ ಓದುತ್ತಿದ್ದೆ.)

ಇನ್ನು ನೀತಿ ಪಾಠಕ್ಕೆ ಅಂಕ ಹೇಗೆ ಬಂತು ಎಂಬುದನ್ನು ಹೇಳುತ್ತೇನೆ. ನಮ್ಮಲ್ಲಿ ಕಥೊಲಿಕ ಮಕ್ಕಳು ಒಂದು ಕೋಣೆಯಲ್ಲಿ ಧರ್ಮೋಪದೇಶಕ್ಕೆ ಕೂರುತ್ತಿದ್ದರು, ಉಳಿದವರು ಇನ್ನೊಂದು ಕೋಣೆಯಲ್ಲಿ ಮಾರಲ್ ಸೈನ್ಸಿಗೆ. ಮೊದಲು ಎರಡಕ್ಕೂ ಅಂಕವಿರಲಿಲ್ಲ. ಆಗ ಮಕ್ಕಳು ಆ ಪೀರಿಯಡ್ಡಿನಲ್ಲಿ ಡೆಸ್ಕಿನ ಕೆಳಗೆ ಗಣಿತದ ಹೋಂವರ್ಕ್ ಮುಗಿಸಿಕೊಳ್ಳುತ್ತಿದ್ದರು. ವಿಷಯಕ್ಕೆ ಗೌರವ ಬರಲಿ ಎಂದು ಅಂಕ ಇಟ್ಟೆವು. ಅಂಕ ಇಟ್ಟ ಮೇಲೆ ಉತ್ತರಕ್ಕೆ ಮಾದರಿ ಬೇಕಾಯಿತು. ಮಾದರಿ ಬಂದ ಮೇಲೆ ಮಕ್ಕಳು ತಮ್ಮ ಮನಸ್ಸನ್ನು ಬಿಟ್ಟು ಮಾದರಿಯನ್ನು ಬರೆಯತೊಡಗಿದರು. ಪ್ರಾಮಾಣಿಕತೆಯ ಪಾಠದಲ್ಲಿ ಪ್ರಾಮಾಣಿಕವಾಗಿ ಬರೆದವಳಿಗೆ ಒಂದಂಕ, ಗೈಡ್ ನೋಡಿ ಬಾಯಿಪಾಠ ಮಾಡಿದವಳಿಗೆ ನಾಲ್ಕಂಕ. ಇದು ನಮಗೆ ಕಾಣಿಸಲಿಲ್ಲವೆಂದಲ್ಲ. ಐವತ್ತು ಉತ್ತರಪತ್ರಿಕೆಗಳು ಎದುರಿಗಿದ್ದಾಗ ಮಾದರಿ ಉತ್ತರವೊಂದೇ ದಡ ಸೇರಿಸುವ ದೋಣಿ.

ಸಭೆಯಲ್ಲಿ 4ಕ್ಕೆ 4 ಕೊಡಿ ಎಂದು ಕೇಳಬೇಡಿ. ನೀತಿ ಪಾಠವನ್ನು ಒಟ್ಟು ಅಂಕದಿಂದ ಹೊರಗಿಡಲು ಸಾಧ್ಯವೇ ಎಂದು ಕೇಳಿ.

ಉತ್ತರ 2: ಲೆಕ್ಕಪರಿಶೋಧಕ, ರಾಜಾಜಿನಗರ

ಟೀಚರ್ ಬರೆದದ್ದನ್ನು ಓದಿ ಸಂತೋಷವಾಯಿತು. ನಾನು ತತ್ತ್ವದ ಕಡೆಗೆ ಹೋಗದೆ ಸೊನ್ನೆಯ ಲೆಕ್ಕವನ್ನಷ್ಟೇ ನೋಡುತ್ತೇನೆ, ಏಕೆಂದರೆ ಶಾಲೆಯ ನಿಜವಾದ ತತ್ತ್ವ ಇರುವುದು ಸರಾಸರಿ ತೆಗೆಯುವ ಆ ಸೂತ್ರದಲ್ಲಿ.

ಆಂತರಿಕ ಕೆಲಸಗಳು ಐದು, ತಲಾ 20 ಅಂಕ ಎಂದು ಇಟ್ಟುಕೊಳ್ಳೋಣ. ಮಗುವಿಗೆ ನಾಲ್ಕರಲ್ಲಿ 16, 17, 15, 16 ಬಂದು, ಐದನೆಯದಕ್ಕೆ ಸೊನ್ನೆ ಬಿದ್ದರೆ ಮೊತ್ತ 64, ಸರಾಸರಿ 12.8. ಮಾಡಿದ ನಾಲ್ಕು ಕೆಲಸಗಳ ಸರಾಸರಿಯನ್ನೇ ತೆಗೆದರೆ 16. ಲಿಖಿತ ಪರೀಕ್ಷೆಯಲ್ಲಿ 80ಕ್ಕೆ 66 ಬಂದಿದೆ ಎನ್ನೋಣ. ಮೊದಲ ಲೆಕ್ಕದಲ್ಲಿ ವಿಜ್ಞಾನದ ಅಂಕ 78.8, ಎರಡನೆಯ ಲೆಕ್ಕದಲ್ಲಿ 82. ಶಾಲೆಯಲ್ಲಿ ಎ ಗ್ರೇಡ್ 80ರಿಂದ ಶುರುವಾಗುವುದಾದರೆ, ಐದು ದಿನದ ಸೂತಕ ಮಗುವನ್ನು ಎ ಇಂದ ಕೆಳಗಿಳಿಸಿದಂತಾಯಿತು. ಅಂಕಪಟ್ಟಿ ನೋಡಿದ ಯಾರಿಗೇ ಆಗಲಿ ಮಗು ವಿಜ್ಞಾನದಲ್ಲಿ ಸ್ವಲ್ಪ ಹಿಂದೆ ಎಂದೇ ತೋರುತ್ತದೆ; ಗಡುವು ತಪ್ಪಿತ್ತು ಎಂಬುದು ಎಲ್ಲಿಯೂ ಕಾಣುವುದಿಲ್ಲ. ನನ್ನ ವೃತ್ತಿಯಲ್ಲಿ ಇದನ್ನು ಒಂದು ಖಾತೆಯ ಖರ್ಚನ್ನು ಇನ್ನೊಂದು ಖಾತೆಗೆ ಬರೆಯುವುದು ಎನ್ನುತ್ತೇವೆ. ಅಂಥ ಲೆಕ್ಕಕ್ಕೆ ನಾನು ಸಹಿ ಹಾಕುವುದಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಶಿಸ್ತು ಬೇಡವೆಂದು ನಾನು ವಾದಿಸುತ್ತಿಲ್ಲ. ಗಡುವನ್ನು ಮೀರುವ ಮಕ್ಕಳಿಗಿಂತ ಮೀರಿಸುವ ಪೋಷಕರೇ ಹೆಚ್ಚು ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ. ರಾತ್ರಿ ಹನ್ನೊಂದಕ್ಕೆ ಥರ್ಮೋಕೋಲ್ ಹುಡುಕಿಕೊಂಡು ಅಂಗಡಿ ಬಾಗಿಲು ತಟ್ಟಿದವನು ನಾನು. ತಡವಾದರೆ ಅದನ್ನು ನಡತೆಯ ಅಂಕಣದಲ್ಲಿ ಬರೆಯಲಿ, ಮಗುವನ್ನು ಶನಿವಾರ ಕೂರಿಸಿ ಕೆಲಸ ಮುಗಿಸಿಸಲಿ. ಆದರೆ ವಿಜ್ಞಾನದ ಅಂಕ ವಿಜ್ಞಾನ ಎಷ್ಟು ಬರುತ್ತದೆ ಎಂಬುದನ್ನಷ್ಟೇ ಹೇಳಬೇಕು.

ನೀತಿ ಪಾಠವನ್ನು ಒಟ್ಟು ಅಂಕದಿಂದ ಹೊರಗಿಡುವುದಕ್ಕೆ ಶಾಲೆಯವರು ಬೇರೆಲ್ಲೂ ಮಾದರಿ ಹುಡುಕಬೇಕಾಗಿಲ್ಲ. ಐಸಿಎಸ್‌ಇ ಪರೀಕ್ಷೆ ನಡೆಸುವ ಅವರ ಕೌನ್ಸಿಲ್ಲೇ ಹತ್ತನೇ ತರಗತಿಯಲ್ಲಿ ಹಾಗೆ ಮಾಡುತ್ತದೆ. ಎಸ್‌ಯುಪಿಡಬ್ಲ್ಯು, ಅಂದರೆ ಸಮಾಜೋಪಯೋಗಿ ಉತ್ಪಾದಕ ಕೆಲಸ ಎಂಬ ವಿಷಯಕ್ಕೆ ಶಾಲೆಯೇ ಎ ಇಂದ ಇ ವರೆಗಿನ ಗ್ರೇಡ್ ಕೊಡುತ್ತದೆ. ಪ್ರಮಾಣಪತ್ರ ಸಿಗಬೇಕಾದರೆ ಅದರಲ್ಲಿ ಉತ್ತೀರ್ಣರಾಗಬೇಕು, ಆದರೆ ಶೇಕಡಾವಾರು ಲೆಕ್ಕಕ್ಕೆ ಅದು ಬರುವುದಿಲ್ಲ. ವಿಷಯಕ್ಕೆ ಗೌರವವೂ ಉಳಿಯಿತು, ಅಂಕದ ಜಂಜಾಟವೂ ತಪ್ಪಿತು.

ಅಂಕಗಳನ್ನು ತೆಗೆದು ಗ್ರೇಡ್ ಮಾತ್ರ ಕೊಟ್ಟರೆ ಹೋಲಿಕೆ ನಿಲ್ಲುತ್ತದೆ ಎಂದು ಯಾರಾದರೂ ಸಭೆಯಲ್ಲಿ ಸೂಚಿಸಿದರೆ ನಂಬಬೇಡಿ. ಸಿಬಿಎಸ್‌ಇ 2009ರಲ್ಲಿ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ತಂದು, ಎ1ರಿಂದ ಇ2ರವರೆಗೆ ಒಂಬತ್ತು ಹಂತಗಳ ಗ್ರೇಡ್ ಇಟ್ಟಿತು. 91 ಬಂದವರಿಗೂ 100 ಬಂದವರಿಗೂ ಎ1. ನನ್ನ ಅಣ್ಣನ ಮಗ ಆಗ ಒಂಬತ್ತನೇ ತರಗತಿ. ನಮ್ಮತ್ತಿಗೆ ಪ್ರತಿ ಸಲವೂ ಟೀಚರ ಬಳಿ ಹೋಗಿ ಎ1ರಲ್ಲಿ ಮೇಲಿನದೋ ಕೆಳಗಿನದೋ ಎಂದು ಕೇಳಿಕೊಂಡು ಬರುತ್ತಿದ್ದರು. ಆ ಪದ್ಧತಿಯನ್ನು 2017ರಲ್ಲಿ ಕೈಬಿಟ್ಟು, 2018ರಿಂದ ಹತ್ತನೇ ತರಗತಿಗೆ ಮತ್ತೆ ಬೋರ್ಡ್ ಪರೀಕ್ಷೆಯನ್ನು ಕಡ್ಡಾಯ ಮಾಡಿದರು. ಪ್ರತಿ ಹಂತದ ಅಂಚಿನಲ್ಲೂ ಒಂದು ಗೋಡೆ ಎದ್ದು ನಿಲ್ಲುವುದೇ ಗ್ರೇಡಿನ ದೊಡ್ಡ ತೊಡಕು. 78.8ಕ್ಕೂ 82ಕ್ಕೂ ಅಂಕದಲ್ಲಿ ಮೂರು ಚಿಲ್ಲರೆ ವ್ಯತ್ಯಾಸ, ಗ್ರೇಡಿನಲ್ಲಿ ಒಂದು ಇಡೀ ಮೆಟ್ಟಿಲು.

ಉತ್ತರ 3: ವಕೀಲ ವೃತ್ತಿಯವರು, ಶಿವಾಜಿನಗರ

ಕಾನೂನಿನ ಒಂದು ಅಂಶವನ್ನಷ್ಟೇ ಸೇರಿಸುತ್ತೇನೆ. ಸಂವಿಧಾನದ 30(1)ನೆಯ ವಿಧಿಯ ಪ್ರಕಾರ ಅಲ್ಪಸಂಖ್ಯಾತರಿಗೆ ತಮ್ಮ ಇಷ್ಟದ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸಿ ನಡೆಸುವ ಹಕ್ಕಿದೆ. ಆದ್ದರಿಂದ ಶಾಲೆ ತನ್ನ ಧಾರ್ಮಿಕ ತತ್ತ್ವವನ್ನು ಡೈರಿಯಲ್ಲಿ ಬರೆದುಕೊಳ್ಳುವುದರಲ್ಲಿ ಯಾವ ತಪ್ಪೂ ಇಲ್ಲ. ಅದರ ಜೊತೆಗೆ 28(3)ನೆಯ ವಿಧಿಯನ್ನೂ ಓದಬೇಕು. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾವ ವಿದ್ಯಾರ್ಥಿಯೂ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸಬೇಕೆಂದು, ಪ್ರಾರ್ಥನೆಗೆ ಹಾಜರಾಗಬೇಕೆಂದು ಒತ್ತಾಯಿಸುವಂತಿಲ್ಲ. ವಿದ್ಯಾರ್ಥಿ ಅಪ್ರಾಪ್ತ ವಯಸ್ಕನಾಗಿದ್ದರೆ ಪೋಷಕರ ಸಮ್ಮತಿ ಬೇಕು. ನೀವು ವಿವರಿಸಿದ ನೀತಿ ಪಾಠ ಧಾರ್ಮಿಕ ಬೋಧನೆಯಂತೆ ತೋರುವುದಿಲ್ಲ, ಸತ್ಯ ನುಡಿಯುವುದು ಎಲ್ಲ ಮತಕ್ಕೂ ಸೇರಿದ್ದು. ಆದ್ದರಿಂದ ಇದನ್ನು ಹಕ್ಕಿನ ಪ್ರಶ್ನೆಯಾಗಿ ಎತ್ತಬೇಡಿ. ಹಕ್ಕಿನ ಭಾಷೆಯಲ್ಲಿ ಮಾತು ಶುರುವಾದರೆ ಕ್ಲಾಸ್ ಟೀಚರ್ ಪ್ರಿನ್ಸಿಪಾಲರ ಕಡೆಗೂ, ಪ್ರಿನ್ಸಿಪಾಲರು ಆಡಳಿತ ಮಂಡಳಿಯ ಕಡೆಗೂ ಕೈ ತೋರಿಸುತ್ತಾರೆ. ವಿಷಯ ಅಲ್ಲಿಗೇ ನಿಲ್ಲುತ್ತದೆ.

ಉತ್ತರ 4: ಕನ್ನಡ ಮಾಧ್ಯಮದ ಮೇಷ್ಟ್ರು, ಕೆ.ಆರ್. ಪುರ

ನಾನು ಸಭೆಯವರು, ಅಂದರೆ ಚರ್ಚಿನವರು, ನಡೆಸುವ ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಮೇಲಿನ ಚರ್ಚೆ ನನಗೆ ಸ್ವಲ್ಪ ದೂರದ್ದೆನಿಸಿತು ಎಂದರೆ ಯಾರೂ ಬೇಸರಪಡಬಾರದು. ನಮ್ಮಲ್ಲಿ ಎ ಇಂದ ಕೆಳಗಿಳಿಯುವ ಚಿಂತೆ ಕಡಿಮೆ, ಶಾಲೆ ಬಿಟ್ಟುಹೋಗುವ ಚಿಂತೆ ಹೆಚ್ಚು. ಆದರೂ ತತ್ತ್ವಕ್ಕೂ ಅಂಕಕ್ಕೂ ನಡುವಿನ ಕಂದಕ ನಮ್ಮಲ್ಲೂ ಇದೆ, ಬಹುಶಃ ಇನ್ನೂ ಆಳವಾಗಿಯೇ ಇದೆ.

ಎರಡು ವರ್ಷದ ಹಿಂದೆ ಯಾದಗಿರಿ ಕಡೆಯ ಒಬ್ಬ ಹುಡುಗ ನವೆಂಬರಿನಲ್ಲಿ ಎಂಟನೇ ತರಗತಿಗೆ ಸೇರಿದ. ತಂದೆತಾಯಿ ಹೊರವರ್ತುಲ ರಸ್ತೆಯ ಕಟ್ಟಡವೊಂದರಲ್ಲಿ ಗಾರೆ ಕೆಲಸಕ್ಕೆ ಬಂದಿದ್ದರು. ಜೂನ್ ತಿಂಗಳಿಂದ ಅವನು ಯಾವ ಶಾಲೆಗೂ ಹೋಗಿರಲಿಲ್ಲ. ಎಂಟು ಮೂಟೆ ಸಿಮೆಂಟಿಗೆ ಎಷ್ಟು ಬಾಂಡ್ಲಿ ಮರಳು ಬೇಕು ಎಂದು ಕೇಳಿದರೆ ಬಾಯಲ್ಲೇ ಹೇಳುತ್ತಿದ್ದ. ಅದನ್ನೇ ಅನುಪಾತದ ಲೆಕ್ಕವೆಂದು ಹಲಗೆಯ ಮೇಲೆ ಬರೆದರೆ ತಲೆ ತಗ್ಗಿಸುತ್ತಿದ್ದ. ಅವನ ಮೊದಲ ಪರೀಕ್ಷೆಯಲ್ಲಿ 25ಕ್ಕೆ 4 ಬಂತು, ಮೂರನೆಯದರಲ್ಲಿ 11. ಜೂನ್ ತಿಂಗಳಿಂದ ಮೊದಲ ಬೆಂಚಿನಲ್ಲಿ ಕೂತ ಹುಡುಗಿಗೆ ಮೊದಲೂ 22, ಕೊನೆಗೂ 22. ಯಾರು ಹೆಚ್ಚು ಕಲಿತರು?

ಟೀಚರಮ್ಮನವರು ತಲಾಂತುಗಳ ಕಥೆ ಹೇಳಿದರು. ನನಗೆ ನೆನಪಾಗುವುದು ಅದೇ ಮತ್ತಾಯನ ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷೇತೋಟದ ಕೂಲಿಯವರ ಕಥೆ. ಬೆಳಗಿನ ಜಾವ ಬಂದವರಿಗೂ, ಹೊತ್ತು ಮುಳುಗಲು ಒಂದು ಗಂಟೆ ಇರುವಾಗ ಬಂದವರಿಗೂ ತೋಟದ ಯಜಮಾನ ಒಂದೇ ದಿನಗೂಲಿ ಕೊಡುತ್ತಾನೆ. ಬಿಸಿಲಲ್ಲಿ ಬೆಂದವರು ಗೊಣಗುತ್ತಾರೆ. ನಮ್ಮ ಪಾಸ್ಟರ್ ಇದರ ಮೇಲೆ ಎಷ್ಟು ಸಲ ಪ್ರಸಂಗ ಮಾಡಿದ್ದಾರೋ ಲೆಕ್ಕವಿಲ್ಲ, ನಾನೂ ಆಮೆನ್ ಎಂದಿದ್ದೇನೆ. ಆದರೆ ಸೋಮವಾರ ಶಾಲೆಗೆ ಬಂದು ಅದನ್ನು ಅಂಕಪಟ್ಟಿಯಲ್ಲಿ ಜಾರಿಗೆ ತರಲು ನನ್ನಿಂದಾಗದು. ಆ ಹುಡುಗನಿಗೆ ಕರುಣೆಯಿಂದ 11ರ ಬದಲು 18 ಬರೆದರೆ ಅವನಿಗೇ ಮೋಸ. ಎಸ್‌ಎಸ್‌ಎಲ್‌ಸಿಯ ಪರೀಕ್ಷೆ ನೀನು ಯಾವ ತಿಂಗಳು ಸೇರಿದೆ ಎಂದು ಕೇಳುವುದಿಲ್ಲ.

ಹಾಗಾಗಿ ನಾನು ಒಂದು ಉಪಾಯ ಮಾಡಿಕೊಂಡಿದ್ದೇನೆ. ಇಲಾಖೆಯ ರೂಪಣಾತ್ಮಕ ಮತ್ತು ಸಂಕಲನಾತ್ಮಕ ಮೌಲ್ಯಮಾಪನದ, ಅಂದರೆ ಪಾಠದ ನಡುವಿನ ಕಿರುಪರೀಕ್ಷೆಗಳ ಮತ್ತು ಅವಧಿಯ ಕೊನೆಯ ಪರೀಕ್ಷೆಗಳ, ದಾಖಲೆಯಲ್ಲಿ ಬಂದ ಅಂಕವನ್ನೇ ಬರೆಯುತ್ತೇನೆ. ನನ್ನದೇ ಒಂದು ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಪ್ರತಿ ಮಗುವಿನ ಹೆಸರಿನ ಮುಂದೆ ಎರಡು ಅಂಕಿ ಇರುತ್ತವೆ: ಈಗಿನ ಅಂಕ, ಮತ್ತು ಅದೇ ಮಗುವಿನ ಹಿಂದಿನ ಅಂಕಕ್ಕಿಂತ ಎಷ್ಟು ಹೆಚ್ಚು ಅಥವಾ ಕಡಿಮೆ ಎಂಬುದು. ಪೋಷಕರು ಬಂದಾಗ ಎರಡನೆಯ ಅಂಕಿಯಿಂದ ಮಾತು ಶುರು ಮಾಡುತ್ತೇನೆ. ಆ ಹುಡುಗನ ತಾಯಿಗೆ ‘ಏಳು ಹೆಚ್ಚಾಗಿದೆ’ ಎಂದಾಗ ಆಕೆ ಏಳು ರೂಪಾಯಿಯೋ ಎಂಬಂತೆ ನನ್ನ ಮುಖ ನೋಡಿದರು. ವಿವರಿಸಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡರು.

ಮೇಡಂ ಅವರ ಶಾಲೆಗೆ ನನ್ನ ಸಲಹೆಯೆಂದರೆ, ತರಗತಿಯ ಗರಿಷ್ಠ ಅಂಕವಿರುವ ಅಂಕಣವನ್ನು ತೆಗೆದು ಆ ಜಾಗದಲ್ಲಿ ಮಗುವಿನದೇ ಹಿಂದಿನ ಪರೀಕ್ಷೆಯ ಅಂಕವನ್ನು ಹಾಕಲಿ. ಹೋಲಿಕೆ ಬೇಕೇ ಬೇಕೆಂದರೆ ಮಗುವನ್ನು ಅದರ ನಿನ್ನೆಯೊಂದಿಗೆ ಹೋಲಿಸಲಿ. ಅಂಕಣಗಳ ಸಂಖ್ಯೆಯೂ ಬದಲಾಗುವುದಿಲ್ಲ, ಮುದ್ರಣದ ಖರ್ಚೂ ಹೆಚ್ಚಾಗುವುದಿಲ್ಲ.

ಕೆಂಪು ಶಾಯಿಯ ಪುಟ ಸಂಖ್ಯೆಯ ಬಗ್ಗೆ ಒಂದು ಮಾತು. ರೂತ್ ಬಟ್ಲರ್ ಎಂಬ ಶಿಕ್ಷಣ ಮನೋವಿಜ್ಞಾನಿ 1988ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಮ್ಮ ತರಬೇತಿಗಳಲ್ಲಿ ಆಗಾಗ ಉಲ್ಲೇಖವಾಗುತ್ತದೆ. ಕೆಲವು ಮಕ್ಕಳಿಗೆ ಅಂಕ ಮಾತ್ರ, ಕೆಲವರಿಗೆ ಬರಹದ ಟಿಪ್ಪಣಿ ಮಾತ್ರ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದಾಗ, ಟಿಪ್ಪಣಿ ಮಾತ್ರ ಪಡೆದವರ ಆಸಕ್ತಿಯೂ ಕೆಲಸವೂ ಉತ್ತಮಗೊಂಡವು. ಎರಡನ್ನೂ ಪಡೆದವರಲ್ಲಿ ಆ ಲಾಭ ಕಾಣಲಿಲ್ಲ. ಅಂಕ ಕಂಡೊಡನೆ ಮಗು ಟಿಪ್ಪಣಿಯನ್ನು ಓದುವುದನ್ನೇ ಬಿಡುತ್ತದೆ ಎಂಬುದು ತರಗತಿಯಲ್ಲಿ ನಿಂತವರಿಗೆಲ್ಲ ಗೊತ್ತು. ಆದರೆ ಎರಡು ವಿಭಾಗ ಸೇರಿ ನೂರಕ್ಕೂ ಹೆಚ್ಚು ಪುಸ್ತಕಗಳಲ್ಲಿ ಟಿಪ್ಪಣಿ ಬರೆಯಲು ಎಷ್ಟು ರಾತ್ರಿ ಬೇಕು ಎಂಬುದನ್ನೂ ಪೋಷಕರು ಒಮ್ಮೆ ಯೋಚಿಸಬೇಕು.

ಉತ್ತರ 5: ನಿವೃತ್ತ ಶಿಕ್ಷಕಿ, ಕುಕ್ ಟೌನ್

ಮೇಷ್ಟ್ರೇ, ನಿಮ್ಮ ಇನ್ನೂರು ಪುಟದ ನೋಟ್‌ಬುಕ್ಕನ್ನು ನಾನು 31 ವರ್ಷದಲ್ಲಿ ಒಮ್ಮೆಯೂ ಇಡಲಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ. ಒಂದೇ ಒಂದು ಎಚ್ಚರಿಕೆ. 22ರಿಂದ 22ಕ್ಕೇ ನಿಂತ ಆ ಹುಡುಗಿಯ ಮುಂದೆ ನಿಮ್ಮ ಎರಡನೆಯ ಅಂಕಿ ಸೊನ್ನೆಯಾಗಿರುತ್ತದೆ. ಅವಳ ತಾಯಿಗೂ ನೀವು ಏನಾದರೊಂದು ಹೇಳಬೇಕಾಗುತ್ತದೆ. ಮೇಲಕ್ಕೆ ಏರಲು ಜಾಗವೇ ಇಲ್ಲದ ಮಕ್ಕಳಿಗೆ ಪ್ರಶ್ನೆಪತ್ರಿಕೆಯೇ ಚಿಕ್ಕದಾಯಿತು ಎಂದರ್ಥ, ತಪ್ಪು ಅವರದಲ್ಲ.

ಪ್ರಶ್ನೆ ಕೇಳಿದವರಿಂದ: ಬಾಣಸವಾಡಿಯ ತಾಯಿ

ಎಲ್ಲರಿಗೂ ಕೃತಜ್ಞತೆಗಳು. ಶನಿವಾರ ಸಭೆಗೆ ಹೋಗಿ ಬಂದೆ. ವಕೀಲರ ಮಾತಿನಂತೆ ಹಕ್ಕಿನ ವಿಷಯ ಎತ್ತಲಿಲ್ಲ. ಡೈರಿಯ ಮೊದಲ ಪುಟವನ್ನೂ ಅಂಕಪಟ್ಟಿಯನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಮಾತು ಶುರು ಮಾಡಿದೆ.

ತರಗತಿಯ ಗರಿಷ್ಠ ಅಂಕದ ಅಂಕಣ ಏಕೆ ಇದೆ ಎಂದು ಕ್ಲಾಸ್ ಟೀಚರಿಗೆ ಗೊತ್ತಿರಲಿಲ್ಲ. ಆಫೀಸಿನಲ್ಲಿ ವಿಚಾರಿಸಿದಾಗ ತಿಳಿದದ್ದು, ಅಂಕಪಟ್ಟಿ ಮುದ್ರಿಸುವ ಸಾಫ್ಟ್‌ವೇರಿನಲ್ಲಿ ಅದು ಮೊದಲಿನಿಂದಲೇ ಇತ್ತು, ಯಾರೂ ತೆಗೆಸಲಿಲ್ಲ ಎಂದು. ನಾನು ಇದರ ಹಿಂದೆ ಏನೋ ಸಿದ್ಧಾಂತವಿದೆ ಎಂದು ಎರಡು ವಾರ ನಿದ್ದೆಗೆಟ್ಟಿದ್ದೆ. ಮೇಷ್ಟ್ರ ಸಲಹೆಯನ್ನು ಹೇಳಿದಾಗ, ಹಿಂದಿನ ಪರೀಕ್ಷೆಯ ಅಂಕವನ್ನು ಅಲ್ಲಿ ಹಾಕಲು ಬರುತ್ತದೆಯೇ ಎಂದು ಸಾಫ್ಟ್‌ವೇರಿನವರನ್ನು ಕೇಳುವುದಾಗಿ ಬರೆದುಕೊಂಡರು.

ಪ್ರಾಜೆಕ್ಟಿನ ಸೊನ್ನೆಯನ್ನು ಅಳಿಸಲಾಗದು, ಅಂಕಗಳು ಆಗಲೇ ದಾಖಲಾಗಿವೆ ಎಂದರು. ವಾರ್ಷಿಕಕ್ಕೆ ಮೊದಲು ಅದೇ ಪಾಠದ ಮೇಲೆ ಮೌಖಿಕವಾಗಿ ಕೇಳಿ, ಅದರ ಅಂಕವನ್ನು ಎರಡನೆಯ ಅವಧಿಗೆ ಸೇರಿಸುವುದಾಗಿ ವಿಜ್ಞಾನದ ಮಿಸ್ ಒಪ್ಪಿದ್ದಾರೆ. ನನಗೆ ಪೂರ್ತಿ ಸಮಾಧಾನವಾಗಿಲ್ಲ.

ನೀತಿ ಪಾಠದ ಸಿಸ್ಟರ್ ಹಿರಿಯರು. ಉತ್ತರವನ್ನು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿದರು. ‘ಊಟ ಸೇರುವುದಿಲ್ಲ’ ಎಂಬಲ್ಲಿ ನಕ್ಕರು. ಅಂಕ ತಿದ್ದಲಿಲ್ಲ. ಜೇಬಿನಿಂದ ಪೆನ್ಸಿಲ್ ತೆಗೆದು ಉತ್ತರದ ಕೆಳಗೆ, ರಾತ್ರಿ ಹೇಳಿದ್ದು ಒಳ್ಳೆಯದಾಯಿತು, ಬೆಳಿಗ್ಗೆಯೇ ಹೇಳಲು ಏನು ಅಡ್ಡಿಯಾಯಿತು ಎಂದು ಬರೆದುಕೊಟ್ಟರು. ಮಗಳು ಅದರ ಕೆಳಗೆ ಅರ್ಧ ಪುಟ ಬರೆದಿದ್ದಾಳೆ. ನಾನು ಹತ್ತಿರ ಹೋದರೆ ಕೈ ಅಡ್ಡ ಇಡುತ್ತಾಳೆ. ಅದು ಸಿಸ್ಟರಿಗೆ ಮಾತ್ರವಂತೆ.

ನೀತಿ ಪಾಠವನ್ನು ಒಟ್ಟು ಅಂಕದಿಂದ ಹೊರಗಿಡುವ ವಿಷಯ ಪ್ರಿನ್ಸಿಪಾಲರ ಕೈಯಲ್ಲಿದೆ, ಪತ್ರ ಕೊಡಿ ಎಂದಿದ್ದಾರೆ. ನಮ್ಮ ತರಗತಿಯ ಇನ್ನೂ ನಾಲ್ಕು ಮನೆಯವರು ಸಹಿ ಹಾಕಲು ಒಪ್ಪಿದ್ದಾರೆ, ಅವರಲ್ಲಿ ಇಬ್ಬರು ಕ್ರೈಸ್ತರೇ. ಎಸ್‌ಯುಪಿಡಬ್ಲ್ಯು ಮಾದರಿಯನ್ನೂ, 12.8ರ ಲೆಕ್ಕವನ್ನೂ ಪತ್ರದಲ್ಲಿ ಸೇರಿಸಿದ್ದೇನೆ. ಲೆಕ್ಕಪರಿಶೋಧಕ ಸರ್, ಒಂದು ಸಂದೇಹ: ತಡವಾದ ಕೆಲಸಕ್ಕೆ ಸೊನ್ನೆಯ ಬದಲು ಅರ್ಧ ಅಂಕ, ಅಂದರೆ 10 ಕೊಟ್ಟರೆ ಸರಾಸರಿ 14.8 ಎಂದು ನನಗೆ ಬಂತು. ಆಗಲೂ 66ಕ್ಕೆ ಸೇರಿಸಿದರೆ 80.8 ಆಗಿ ಎ ಉಳಿಯುತ್ತದೆ. ಶಾಲೆಗೆ ಒಪ್ಪಲು ಇದು ಸುಲಭವಾದೀತೆಂದು ಇದನ್ನೇ ಕೇಳಲೇ, ಅಥವಾ ನಡತೆಯ ಅಂಕಣ ಬೇರೆಯೇ ಬೇಕೆಂದು ಕೇಳಲೇ? ಪತ್ರ ಶುಕ್ರವಾರ ಹೋಗಬೇಕು.

ಉತ್ತರ 6: ಲೆಕ್ಕಪರಿಶೋಧಕ, ರಾಜಾಜಿನಗರ

14.8 ಸರಿಯಾಗಿದೆ ಮೇಡಂ. ಪತ್ರದಲ್ಲಿ ಬೇರೆ ಅಂಕಣವನ್ನೇ ಕೇಳಿ, ಮಾತುಕತೆಗೆ ಕರೆದಾಗ ಅರ್ಧ ಅಂಕಕ್ಕೆ ಒಪ್ಪಿಕೊಳ್ಳಿ. ನಿಮ್ಮ ಮಗಳ ನಿಜವಾದ ಅಂಕಗಳನ್ನು ಪತ್ರದಲ್ಲಿ ಹಾಕಬೇಡಿ, ಉದಾಹರಣೆಯ ಅಂಕಗಳೇ ಸಾಕು. ಐದು ಮನೆಯವರ ಪತ್ರ ಒಂದು ಮಗುವಿನ ಅಹವಾಲಾಗಿ ಕಾಣಬಾರದು.